ಸಾಲ ಪಡೆದವರು ಮನೆ ಖಾಲಿ ಮಾಡಿ ಹೋಗಿದ್ದಾರೆ, ಹೊಸ ವಿಳಾಸ ಪತ್ತೆ ಹೇಗೆ?

ಪ್ರಶ್ನೆ: ದಾವಣಗೆರೆಯಲ್ಲಿ ಬೇಕರಿ ನಡೆಸುತ್ತಿದ್ದ ಪರಿಚಿತರೊಬ್ಬರಿಗೆ 2024ರ ಮಾರ್ಚ್ 18ರಂದು 4 ಲಕ್ಷ ರೂಪಾಯಿ ಕೈಸಾಲ ಕೊಟ್ಟೆ. ಕೇಳಿದಾಗ ಕೊಡುತ್ತೇನೆ ಎಂದು ಪ್ರೋನೋಟು ಬರೆದುಕೊಟ್ಟಿದ್ದಾರೆ, ತಾರೀಖು ಹಾಕದೆ ಸಹಿ ಮಾಡಿದ ಒಂದು ಚೆಕ್ಕನ್ನೂ ಕೊಟ್ಟಿದ್ದಾರೆ. ಅವರ ಭಾವಮೈದುನ ಜಾಮೀನಿಗೆ ಸಹಿ ಹಾಕಿದ್ದಾರೆ. ಈಗ ಬೇಕರಿ ಮುಚ್ಚಿದೆ, ಬಾಡಿಗೆ ಮನೆ ಖಾಲಿಯಾಗಿದೆ, ಮೊಬೈಲ್ ಸ್ವಿಚ್ ಆಫ್. ಬೆಂಗಳೂರಿನಲ್ಲಿದ್ದಾರೆ ಎಂದು ಒಬ್ಬರು, ಹೊಸೂರಿನಲ್ಲಿದ್ದಾರೆ ಎಂದು ಇನ್ನೊಬ್ಬರು ಹೇಳುತ್ತಾರೆ. ಸ್ವಂತ ಊರು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿ. ವಕೀಲರಿಂದ ಕಳಿಸಿದ ನೋಟೀಸು ‘ಲೆಫ್ಟ್’ ಎಂಬ ಷರಾದೊಂದಿಗೆ ವಾಪಸ್ ಬಂತು. ಹೊಸ ವಿಳಾಸ ಹುಡುಕುವುದು ಹೇಗೆ? ವಿಳಾಸ ಸಿಗದೆ ದಾವೆ ಹಾಕಬಹುದೇ? ದುಡ್ಡು ಕೊಟ್ಟರೆ ಮೊಬೈಲ್ ಲೊಕೇಶನ್ ತೆಗೆಸಿಕೊಡುತ್ತೇನೆ ಎನ್ನುವವರೊಬ್ಬರಿದ್ದಾರೆ, ಅದು ಸರಿಯೇ?

ಉತ್ತರ: ಎರಡನೇ ಪ್ರಶ್ನೆಯಿಂದ ಶುರುಮಾಡೋಣ, ಗಡುವು ಇರುವುದು ಅಲ್ಲಿ. ಹೊಸ ವಿಳಾಸ ಗೊತ್ತಿಲ್ಲದಿದ್ದರೂ ದಾವೆ ಹಾಕಬಹುದು. ಪ್ರತಿವಾದಿಯ ಹೆಸರು, ವಾಸಸ್ಥಳಗಳನ್ನು ತಿಳಿಯಲು ಸಾಧ್ಯವಾದ ಮಟ್ಟಿಗೆ ಬರೆದರೆ ಸಾಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 7, ರೂಲ್ 1 ಹೇಳುತ್ತದೆ. ಕೊನೆಯದಾಗಿ ಗೊತ್ತಿದ್ದ ದಾವಣಗೆರೆಯ ವಿಳಾಸ ಮತ್ತು ಸ್ವಂತ ಊರಿನ ವಿಳಾಸ ಎರಡನ್ನೂ ಹಾಕಿ.

ಕೇಳಿದಾಗ ಕೊಡುವ ಪ್ರೋನೋಟಿಗೆ ಕಾಲಮಿತಿ ಬರೆದ ದಿನದಿಂದ 3 ವರ್ಷ. ನೀವು ಯಾವಾಗ ಕೇಳಿದಿರಿ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮದು 2027ರ ಮಾರ್ಚ್ 18ಕ್ಕೆ ಮುಗಿಯುತ್ತದೆ. ಅವರು ಮನೆ ಬದಲಿಸಿದರು, ಫೋನ್ ತೆಗೆಯಲಿಲ್ಲ ಎಂಬ ಕಾರಣಕ್ಕೆ ಒಂದು ದಿನವೂ ಹೆಚ್ಚು ಸಿಗದು. ಭಾರತದಿಂದ ಹೊರಗಿದ್ದ ಅವಧಿಯನ್ನು ಮಾತ್ರ ಕಾಲಮಿತಿ ಕಾಯ್ದೆಯ ಕಲಂ 15(5) ಕಳೆದುಕೊಡುತ್ತದೆ. ಹೊಸೂರು ತಮಿಳುನಾಡಾದರೂ ಹೊರದೇಶವಲ್ಲ. ಆ ದಿನದೊಳಗೆ ಅವರು ಸಹಿ ಹಾಕಿ ಸಾಲ ಒಪ್ಪಿದ ಬರಹ ಸಿಕ್ಕರೆ, ಅಥವಾ ಸ್ವಲ್ಪ ಹಣ ಕಟ್ಟಿ ಅದಕ್ಕೆ ಸಹಿಯುಳ್ಳ ಬರಹ ಕೊಟ್ಟರೆ, ಅಲ್ಲಿಂದ ಮತ್ತೆ 3 ವರ್ಷ ಎಣಿಸಬಹುದು. ಗಡುವು ದಾಟಿದ ಮೇಲೆ ಬರೆಸಿಕೊಂಡ ಒಪ್ಪಿಗೆ ಈ ಲೆಕ್ಕಕ್ಕೆ ಬರದು. ವಿಳಾಸ ಸಿಗಲಿ, ಆಮೇಲೆ ನೋಡೋಣ ಎಂದು ಕೂತವರ ದುಡ್ಡೇ ಹೆಚ್ಚಾಗಿ ಮುಳುಗುವುದು. ಹಾಗೆಯೇ ಪ್ರೋನೋಟಿನ ಮೇಲೆ ರೆವಿನ್ಯೂ ಸ್ಟಾಂಪ್ ಇದೆಯೇ, ಸಹಿ ಅದರ ಮೇಲೆ ಹಾದಿದೆಯೇ ನೋಡಿ. ಸ್ಟಾಂಪಿಲ್ಲದ ಪ್ರೋನೋಟನ್ನು ದಂಡ ಕಟ್ಟಿ ಸರಿಪಡಿಸಿಕೊಳ್ಳುವ ಅವಕಾಶವಿಲ್ಲ.

ದಾವೆಗಾಗಿ ಅವರ ಹಿಂದೆ ಬೆಂಗಳೂರಿಗೋ ಹೊಸೂರಿಗೋ ಹೋಗಬೇಕಿಲ್ಲ. ಸಾಲ ಕೊಟ್ಟದ್ದು, ಪ್ರೋನೋಟು ಬರೆದದ್ದು ದಾವಣಗೆರೆಯಲ್ಲಾದ್ದರಿಂದ ಅಲ್ಲಿನ ಕೋರ್ಟಿಗೇ ಅಧಿಕಾರ ವ್ಯಾಪ್ತಿ ಇದೆ. ಚೆಕ್ ಕೇಸಾದರೆ ನಿಮ್ಮ ಖಾತೆ ಇರುವ ಬ್ಯಾಂಕ್ ಶಾಖೆ ಯಾವ ಕೋರ್ಟಿನ ವ್ಯಾಪ್ತಿಯಲ್ಲಿದೆಯೋ ಅಲ್ಲಿ. 2015ರ ತಿದ್ದುಪಡಿಯಾದ ಮೇಲೆ ಸಾಲಗಾರರು ಎಲ್ಲಿದ್ದಾರೆ ಎಂಬುದು ಇದರಲ್ಲಿ ಮುಖ್ಯವಲ್ಲ.

ಹಾಗಾದರೆ ಹೊಸ ವಿಳಾಸ ಯಾಕೆ ಬೇಕು? ಅವರು ಬಾರದೆ ಎಕ್ಸ್‌ಪಾರ್ಟಿ ಡಿಕ್ರಿ (ಏಕಪಕ್ಷೀಯ ತೀರ್ಪು) ಸಿಕ್ಕಿತು ಎನ್ನಿ. ಸಮನ್ಸ್ ಸರಿಯಾಗಿ ಜಾರಿಯಾಗಿರಲಿಲ್ಲ ಎಂದು ಆರ್ಡರ್ 9, ರೂಲ್ 13ರ ಅಡಿ ಅದನ್ನು ರದ್ದು ಮಾಡಿಸಲು ಅವರು ಅರ್ಜಿ ಹಾಕಬಹುದು. ಆ ಅರ್ಜಿಗೆ 30 ದಿನದ ಮಿತಿ ಇದೆ. ಆದರೆ ಸಮನ್ಸ್ ಪತ್ರಿಕಾ ಪ್ರಕಟಣೆಯಂಥ ಬದಲಿ ಮಾರ್ಗದಿಂದ ಜಾರಿಯಾಗಿದ್ದರೆ 30 ದಿನ ಎಣಿಸುವುದು ಡಿಕ್ರಿಯ ದಿನದಿಂದಲ್ಲ, ಡಿಕ್ರಿ ಅವರಿಗೆ ಗೊತ್ತಾದ ದಿನದಿಂದ. ಅಂದರೆ ಮೂರು ವರ್ಷದ ನಂತರ ಅಮಲ್ಜಾರಿ (ಡಿಕ್ರಿ ಜಾರಿ) ನೋಟೀಸು ಕೈಗೆ ಬಂದಾಗ ‘ನನಗೆ ಇವತ್ತೇ ಗೊತ್ತಾದದ್ದು’ ಎಂದು ನಿಲ್ಲುತ್ತಾರೆ, ಕೇಸು ಮೊದಲ ಮೆಟ್ಟಿಲಿಗೆ ಬರುತ್ತದೆ. ಹೀಗಾಗಿ ಅವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ನಿಮಗೆ ಗೊತ್ತಾದರೆ ಪ್ರಯೋಜನ ಕಡಿಮೆ. ಅಮೀನರು (ಸಮನ್ಸ್ ಮುಟ್ಟಿಸುವ ಕೋರ್ಟ್ ಸಿಬ್ಬಂದಿ) ಹೋಗಿ ಸಹಿ ಹಾಕಿಸಿಕೊಂಡು ಬರಬಲ್ಲ, ಕೋರ್ಟಿನಲ್ಲಿ ನಿಲ್ಲಬಲ್ಲ ವಿಳಾಸ ಬೇಕು. ಅದರ ಜೊತೆಗೆ ಅವರ ಆಸ್ತಿ ಎಲ್ಲಿದೆ ಎಂಬುದೂ ಬೇಕು.

ಮೊದಲು ವಾಪಸ್ ಬಂದ ಲಕೋಟೆ

ಅದನ್ನು ಒಡೆಯಬೇಡಿ, ಹಾಗೇ ಇಡಿ. ಅಂಚೆಯವರ ಷರಾ ಒಂದೊಂದಕ್ಕೂ ಬೇರೆ ತೂಕ. ‘ರೆಫ್ಯೂಸ್ಡ್’ ಎಂದಿದ್ದರೆ ತಲುಪಿದಂತೆಯೇ. ‘ಅನ್‌ಕ್ಲೇಮ್ಡ್’ ಅಥವಾ ‘ಇಂಟಿಮೇಶನ್ ಡೆಲಿವರ್ಡ್’ ಎಂದಿದ್ದರೆ ಅವರು ಇನ್ನೂ ಅಲ್ಲೇ ಇದ್ದು ಬಿಡಿಸಿಕೊಳ್ಳಲಿಲ್ಲ ಎಂದು ವಾದಿಸಬಹುದು. ‘ಡೋರ್ ಲಾಕ್ಡ್’ ಎಂದರೆ ಬೇರೆ ಹೊತ್ತಿನಲ್ಲಿ ಮತ್ತೊಮ್ಮೆ ಪ್ರಯತ್ನಿಸಬೇಕು. ‘ಲೆಫ್ಟ್’ ಎಂದರೆ ಆ ವಿಳಾಸ ಹಳೆಯದಾಯಿತು ಎಂದು ಅಂಚೆಯಣ್ಣನೇ ಬರೆದುಕೊಟ್ಟಂತೆ. ಅದೇ ಮನೆಗೆ ಮತ್ತೆ ಮತ್ತೆ ಕಳಿಸುವುದರಿಂದ ನಿಮಗೆ ಖರ್ಚು ಬಿಟ್ಟು ಬೇರೇನಿಲ್ಲ.

ಆದರೂ ಇನ್ನೊಂದು ಸಲ, ಬರಿಯ ಒಂದು ಹಾಳೆಯ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಬೇಕರಿಯ ವಿಳಾಸಕ್ಕೆ ಮತ್ತು ಹಳ್ಳಿಯ ವಿಳಾಸಕ್ಕೆ ಕಳಿಸಿ ಟ್ರ್ಯಾಕಿಂಗ್ ನೋಡುತ್ತಿರಿ. (2025ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೇ ಸೇರಿದೆ.) ಮನೆ ಬದಲಿಸಿದವರು ತಮ್ಮ ಟಪಾಲನ್ನು ಹೊಸ ವಿಳಾಸಕ್ಕೆ ಕಳಿಸುವಂತೆ ಅಂಚೆ ಕಚೇರಿಗೆ ಬರೆದುಕೊಟ್ಟಿರಬಹುದು. ಹಾಗಿದ್ದರೆ ಲಕೋಟೆ ವಾಪಸ್ ಬರುವ ಬದಲು ಬೇರೊಂದು ಬಟವಾಡೆ ಕಚೇರಿಗೆ ಹೋಗುತ್ತದೆ, ಆ ಕಚೇರಿಯ ಹೆಸರು ಟ್ರ್ಯಾಕಿಂಗಿನಲ್ಲಿ ಕಾಣುತ್ತದೆ. ಮನೆ ನಂಬರ್ ಸಿಗದು, ಅಂಚೆ ಕಚೇರಿಯವರು ಕೇಳಿದರೂ ಹೇಳುವುದಿಲ್ಲ. ಆದರೆ ಬೆಂಗಳೂರೋ ಹೊಸೂರೋ ಎಂಬ ಗೊಂದಲ ಇಷ್ಟು ಖರ್ಚಿನಲ್ಲೇ ಬಗೆಹರಿಯಬಹುದು. ಆ ಪುಟವನ್ನು ಕೂಡಲೇ ಪ್ರಿಂಟ್ ತೆಗೆದಿಡಿ, ತಡವಾದರೆ ಜಾಲತಾಣದಲ್ಲಿ ಆ ವಿವರ ಉಳಿಯುವುದಿಲ್ಲ.

ಗುರುತು ಗಟ್ಟಿಮಾಡಿಕೊಳ್ಳಿ

ಹುಡುಕಾಟ ದಾರಿ ತಪ್ಪುವುದು ಹೆಚ್ಚಾಗಿ ಹೆಸರಿನಿಂದ. ಮಂಜುನಾಥ, ಬಸವರಾಜ ಎಂಬ ಹೆಸರಿನವರು ಒಂದೇ ಬೀದಿಯಲ್ಲಿ ನಾಲ್ವರು ಸಿಗುತ್ತಾರೆ. ತಪ್ಪು ಮನುಷ್ಯರ ಬಾಗಿಲಿಗೆ ಸಮನ್ಸ್ ಹೋದರೆ ತಿಂಗಳುಗಟ್ಟಲೆ ವ್ಯರ್ಥ, ಮಾನನಷ್ಟದ ತಕರಾರು ಬೇರೆ. ಆದ್ದರಿಂದ ಮೊದಲು ಒಂದು ಹಾಳೆಯಲ್ಲಿ ಅವರ ಪೂರ್ಣ ಹೆಸರು, ತಂದೆಯ ಹೆಸರು, ಅಂದಾಜು ವಯಸ್ಸು, ಹಳ್ಳಿ, ಹೋಬಳಿ, ಹಳೆಯ ಮೊಬೈಲ್ ನಂಬರುಗಳು, ವಾಹನದ ನಂಬರ್, ಬೇಕರಿಯ ಹೆಸರು ಬರೆದುಕೊಳ್ಳಿ. ಬೇಕರಿಯ ಹಳೆ ಬಿಲ್ಲು, ಬ್ರೆಡ್ಡಿನ ಕವರು ಯಾರ ಮನೆಯಲ್ಲಾದರೂ ಇದ್ದರೆ ತೆಗೆದಿಡಿ, ಅದರ ಮೇಲಿನ ಸಂಖ್ಯೆಗಳು ಮುಂದೆ ಉಪಯೋಗಕ್ಕೆ ಬರುತ್ತವೆ. ಚೆಕ್ಕಿನ ಎರಡೂ ಬದಿ ಫೋಟೋ ತೆಗೆಯಿರಿ. ಪ್ರೋನೋಟಿಗೆ ಸಾಕ್ಷಿ ಹಾಕಿದವರು ಯಾರು, ಅವರಿಗೂ ಸಾಲಗಾರರಿಗೂ ಏನು ನಂಟು ಎಂಬುದನ್ನೂ ಬರೆಯಿರಿ.

ವ್ಯಾಪಾರ ಮಾಡುವವರ ಜಾಡು

ಮನೆ ಬದಲಿಸಿದವರು ಕಸುಬು ಬದಲಿಸುವುದು ಅಪರೂಪ. ಬೇಕರಿಯವರು ಹೊಸ ಊರಿನಲ್ಲಿ ಬೇಕರಿಯನ್ನೇ ತೆರೆಯುತ್ತಾರೆ, ಇಲ್ಲವೇ ಇನ್ನೊಬ್ಬರ ಬೇಕರಿಯಲ್ಲಿ ಕೆಲಸಕ್ಕೆ ನಿಲ್ಲುತ್ತಾರೆ. ಹಾಗಾಗಿ ನಿಮ್ಮ ವಿಷಯದಲ್ಲಿ ಮನೆಗಿಂತ ಅಂಗಡಿ ಹುಡುಕುವುದು ಸುಲಭ.

ಹಳೆ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇದ್ದರೆ ಅದು 15 ಅಂಕೆ-ಅಕ್ಷರಗಳದ್ದು. ಮೊದಲ ಎರಡು ರಾಜ್ಯ (ಕರ್ನಾಟಕ 29, ತಮಿಳುನಾಡು 33), ಮುಂದಿನ ಹತ್ತು ಅವರ ಪ್ಯಾನ್. ಜಿಎಸ್‌ಟಿ ಪೋರ್ಟಲಿನಲ್ಲಿ ಲಾಗಿನ್ ಇಲ್ಲದೆ ‘ಸರ್ಚ್ ಟ್ಯಾಕ್ಸ್‌ಪೇಯರ್’ ವಿಭಾಗಕ್ಕೆ ಹೋಗಿ ಪ್ಯಾನ್ ಮೂಲಕ ಹುಡುಕಿದರೆ ಆ ಪ್ಯಾನ್ ಮೇಲಿರುವ ನೋಂದಣಿಗಳೆಲ್ಲ ಬರುತ್ತವೆ. ದಾವಣಗೆರೆಯದು ರದ್ದಾಗಿ 33ರಿಂದ ಶುರುವಾಗುವ ಹೊಸ ನಂಬರ್ ಕಂಡರೆ ಹೊಸೂರಿನ ಮಾತು ನಿಜವಿರಬಹುದು. ಆ ನಂಬರ್ ಒತ್ತಿದರೆ ವ್ಯಾಪಾರದ ಹೆಸರು, ಮುಖ್ಯ ವ್ಯಾಪಾರ ಸ್ಥಳ, ನೋಂದಣಿಯ ತಾರೀಖು ಸಿಗುತ್ತದೆ. ಇದು ಕೋರ್ಟಿಗೆ ಕೊಡಲು ಒಳ್ಳೆಯ ವಿಳಾಸ. ಒಂದೇ ತೊಡಕು: ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟಿನವರೆಗೆ ನೋಂದಣಿಯೇ ಬೇಕಿಲ್ಲ, ಸಣ್ಣ ಬೇಕರಿ ಅದರೊಳಗೇ ಉಳಿಯಬಹುದು. ಹೊಸ ಅಂಗಡಿ ಹೆಂಡತಿಯ ಅಥವಾ ತಮ್ಮನ ಹೆಸರಿನಲ್ಲಿರುವುದೂ ಸಾಮಾನ್ಯ. ಹಾಗಿದ್ದರೆ ಪ್ಯಾನ್ ಹುಡುಕಾಟ ಬರಿಗೈಯಲ್ಲಿ ವಾಪಸ್ ಬರುತ್ತದೆ.

ಆಹಾರ ವ್ಯಾಪಾರಕ್ಕೆ ಎಷ್ಟೇ ಸಣ್ಣದಾದರೂ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಅದರ 14 ಅಂಕೆಯ ಸಂಖ್ಯೆ ಪ್ಯಾಕೆಟ್ಟಿನ ಮೇಲೆ, ಬಿಲ್ಲಿನ ಮೇಲೆ ಇರುತ್ತದೆ. ಹೊಸ ಅಂಗಡಿ ಇದೇ ಎಂದು ಅನುಮಾನವಿದ್ದರೆ ಅಲ್ಲಿಂದ ಒಂದು ಬನ್ ಪ್ಯಾಕೆಟ್ ತರಿಸಿ ಆ ಸಂಖ್ಯೆಯನ್ನು ಅದೇ ಪ್ರಾಧಿಕಾರದ ಫಾಸ್ಕಾಸ್ ಪೋರ್ಟಲಿನಲ್ಲಿ ಹಾಕಿ ನೋಡಿ, ಪರವಾನಗಿ ಯಾರ ಹೆಸರಿನಲ್ಲಿದೆ ಎಂದು ತಿಳಿಯುತ್ತದೆ. ಸಾಲಗಾರರು ಕಂಪನಿ ಅಥವಾ ಎಲ್‌ಎಲ್‌ಪಿ ಮಾಡಿಕೊಂಡವರಾದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲಿನ ಮಾಸ್ಟರ್ ಡೇಟಾದಲ್ಲಿ ನೋಂದಾಯಿತ ಕಚೇರಿಯ ವಿಳಾಸವಿರುತ್ತದೆ. ಇದಲ್ಲದೆ ಸಾಲಗಾರರಿಗೆ ಮೈದಾ, ಡಾಲ್ಡಾ, ಯೀಸ್ಟ್ ಕೊಡುತ್ತಿದ್ದ ಸಗಟು ವ್ಯಾಪಾರಿಗಳಿಗೂ ಬಾಕಿ ಇರುವ ಸಂಭವವಿದೆ. ಅವರೂ ಹುಡುಕುತ್ತಿರುತ್ತಾರೆ, ಅವರಿಗೆ ಗೊತ್ತಿರುವಷ್ಟು ಯಾವ ಪೋರ್ಟಲಿಗೂ ಗೊತ್ತಿರುವುದಿಲ್ಲ.

ಕೋರ್ಟಿನ ಕಡತ

ಒಬ್ಬರಿಗೆ ಕೈಕೊಟ್ಟವರು ಹತ್ತು ಜನಕ್ಕೆ ಕೊಟ್ಟಿರುತ್ತಾರೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆಯ್ಕೆಮಾಡಿ ಪಕ್ಷಕಾರರ ಹೆಸರಿನ ಮೂಲಕ ಹುಡುಕಿ. ಕನಿಷ್ಠ ಮೂರು ಅಕ್ಷರ ಹಾಕಬೇಕು. ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯ ಅಕಾರ ಸೇರಿಸುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಪೂರ್ತಿ ಹೆಸರು ಬೇಡ, ಮೊದಲ ನಾಲ್ಕೈದು ಅಕ್ಷರ ಸಾಕು. ದಾವಣಗೆರೆ, ಚನ್ನಗಿರಿ, ಬೆಂಗಳೂರು, ಹೊಸೂರು ಇರುವ ಕೃಷ್ಣಗಿರಿ ಜಿಲ್ಲೆ, ಎಲ್ಲ ಕಡೆ ಪ್ರತ್ಯೇಕವಾಗಿ ನೋಡಬೇಕು. ಬಾಕಿ ಇರುವ ಮತ್ತು ತೀರ್ಮಾನವಾದ ಕೇಸುಗಳೆರಡನ್ನೂ ನೋಡಿ.

ಬೇರೆಯವರ ಚೆಕ್ ಬೌನ್ಸ್ ಕೇಸಿನಲ್ಲಿ ಅವರು ಹಾಜರಾಗಿ ಜಾಮೀನು ಪಡೆದಿದ್ದರೆ ಚಿನ್ನ ಸಿಕ್ಕಂತೆ. ಜಾಮೀನಿನ ಮುಚ್ಚಳಿಕೆಯಲ್ಲಿ ಆಗಿನ ವಿಳಾಸವಿರುತ್ತದೆ, ಮುಂದಿನ ತಾರೀಖು ಆನ್‌ಲೈನಿನಲ್ಲೇ ಕಾಣುತ್ತದೆ. ಅವರು ಐ.ಪಿ. (ದಿವಾಳಿ ಅರ್ಜಿ) ಹಾಕಿದ್ದಾರೆಯೇ ಎಂಬುದನ್ನೂ ನೋಡಿ. ವ್ಯಕ್ತಿಗಳ ದಿವಾಳಿ ಅರ್ಜಿ ಇಂದಿಗೂ ಪ್ರಾಂತೀಯ ದಿವಾಳಿ ಕಾಯ್ದೆ, 1920ರ ಅಡಿ ಜಿಲ್ಲಾ ಮಟ್ಟದಲ್ಲಿ ನಡೆಯುತ್ತದೆ. ಅರ್ಜಿಯಲ್ಲಿ ಅವರ ವಾಸಸ್ಥಳ, ಆಸ್ತಿ, ಸಾಲ ಕೊಟ್ಟವರ ಪಟ್ಟಿ ಕೊಡಲೇಬೇಕು. ಆ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ ನೀವು ಆ ಕೇಸಿನಲ್ಲೇ ಹಾಜರಾಗಬೇಕಾಗಬಹುದು.

ಜಮೀನು, ಮನೆ, ಮತದಾರರ ಪಟ್ಟಿ

ಬಾಡಿಗೆ ಮನೆ ಬಿಟ್ಟು ಓಡಬಹುದು, ಹಳ್ಳಿಯ ಜಮೀನನ್ನು ಹೊತ್ತುಕೊಂಡು ಓಡಲಾಗದು. ಭೂಮಿ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಕೊಟ್ಟು ಪಹಣಿ ನೋಡಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, ತಂದೆಯ ಹೆಸರು, ವಿಸ್ತೀರ್ಣ ಇರುತ್ತದೆ. 11ನೇ ಕಾಲಂನಲ್ಲಿ ಬ್ಯಾಂಕ್ ಸಾಲದಂಥ ಋಣಗಳು. ಜಂಟಿ ಖಾತೆಯಾಗಿದ್ದರೂ ಅವರ ಪಾಲಿನಷ್ಟನ್ನು ಜಪ್ತಿಗೆ ಕೇಳಬಹುದು. ಊರಿನೊಳಗಿನ ಮನೆಯಾದರೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆ. ಸ್ವತ್ತಿನ ವಿವರ ಸಿಕ್ಕ ಮೇಲೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಿಂದ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಯಿರಿ. ಈಚೆಗೆ ಮಾರಿದ್ದರೆ ಕ್ರಯಪತ್ರದ ದೃಢೀಕೃತ ನಕಲು ಪಡೆಯಿರಿ: ಮಾರಿದವರ ಆ ದಿನದ ವಿಳಾಸ ಅದರಲ್ಲಿರುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸ್ಥಿರಾಸ್ತಿ ಪತ್ರಗಳು ದಾಖಲಾಗುವ 1ನೇ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು ಎಂದು ನೋಂದಣಿ ಕಾಯ್ದೆಯ ಕಲಂ 57 ಹೇಳುತ್ತದೆ. ಹೊಸ ಬಾಡಿಗೆ ಮನೆ ಮಾತ್ರ ಇಲ್ಲಿ ಸಿಗದು, 11 ತಿಂಗಳ ಕರಾರನ್ನು ಸಾಮಾನ್ಯವಾಗಿ ಯಾರೂ ನೋಂದಾಯಿಸುವುದಿಲ್ಲ.

ಮತದಾರರ ಪಟ್ಟಿಯ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಹೆಸರು, ತಂದೆಯ ಹೆಸರು, ವಯಸ್ಸು ಹಾಕಿ ಚುನಾವಣಾ ಆಯೋಗದ ಜಾಲತಾಣದಲ್ಲಿ ಹುಡುಕಿದರೆ ಭಾಗದ ಸಂಖ್ಯೆ, ಮತಗಟ್ಟೆ ಸಿಗುತ್ತದೆ, ಮನೆ ಸಂಖ್ಯೆಗೆ ಆ ಭಾಗದ ಪಟ್ಟಿಯನ್ನೇ ತೆರೆಯಬೇಕು. ಊರು ಬಿಟ್ಟವರು ಮತವನ್ನು ಹಳ್ಳಿಯಲ್ಲೇ ಉಳಿಸಿಕೊಂಡಿರುತ್ತಾರೆ. ಆದರೆ ಅದೂ ಒಂದು ಅರ್ಥದಲ್ಲಿ ಅನುಕೂಲವೇ: ಹಳ್ಳಿಯ ವಿಳಾಸ ಅವರ ಖಾಯಂ ವಿಳಾಸ ಎಂದು ತೋರಿಸಲು ಅದು ದಾಖಲೆ.

ಹಳ್ಳಿಗೆ ಖುದ್ದಾಗಿ ಹೋಗುವುದಾದರೆ ಹಗಲು ಹೊತ್ತಿನಲ್ಲಿ, ಜೊತೆಗೆ ಒಬ್ಬರನ್ನು ಮಾತ್ರ ಕರೆದುಕೊಂಡು ಹೋಗಿ. ‘ಒಂದು ಕಾಗದ ಮುಟ್ಟಿಸಬೇಕಿತ್ತು, ಈಗ ಎಲ್ಲಿದ್ದಾರೆ?’ ಎಂದಷ್ಟೇ ಕೇಳಿ. ಎಷ್ಟು ಸಾಲ, ಯಾವಾಗಿನದು ಎಂದು ಕಟ್ಟೆಯ ಮೇಲೆ ಹರಡಬೇಡಿ. ವಯಸ್ಸಾದ ತಂದೆತಾಯಿಯ ಎದುರು ಕೂಗಾಡಿದರೆ ಆ ಊರಿನಿಂದ ಮುಂದೆ ಒಂದು ಮಾತೂ ಹೊರಬರದು. ಮಕ್ಕಳ ಶಾಲೆಗೆ ಹೋಗಿ ಟಿ.ಸಿ. ಎಲ್ಲಿಗೆ ಹೋಯಿತು ಎಂದು ಕೇಳುವುದನ್ನಂತೂ ಮಾಡಲೇಬೇಡಿ.

ಜಾಮೀನುದಾರರನ್ನು ಮರೆತಿದ್ದೀರಿ

ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದುಹೋದ ಭಾವಮೈದುನ ಇಡೀ ಪ್ರಕರಣದಲ್ಲಿ ಅತಿ ಮುಖ್ಯ. ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ಎಂದು ಕರಾರು ಕಾಯ್ದೆಯ ಕಲಂ 128 ಹೇಳುತ್ತದೆ. ಮೊದಲು ಸಾಲಗಾರರನ್ನು ಹಿಡಿದು ಆಮೇಲೆ ಜಾಮೀನುದಾರರ ಬಳಿ ಬರಬೇಕೆಂಬ ನಿಯಮವಿಲ್ಲ. ಅವರನ್ನು 2ನೇ ಪ್ರತಿವಾದಿ ಮಾಡಿ. ಅವರ ವಿಳಾಸ ನಿಮಗೆ ಗೊತ್ತಿದೆ, ಸಮನ್ಸ್ ಅವರಿಗೆ ಮುಟ್ಟಿದ ವಾರದೊಳಗೆ ಸ್ವಿಚ್ ಆಫ್ ಆಗಿದ್ದ ಮೊಬೈಲ್ ಆನ್ ಆಗುವುದು ಹೊಸದೇನಲ್ಲ. ಬ್ಯಾಂಕುಗಳು ಮಾಡುವುದೂ ಇದನ್ನೇ. ಅವುಗಳಿಗೆ ನಮಗಿಲ್ಲದ ಇನ್ನೊಂದು ದಾರಿಯೂ ಇದೆ: ಸಾಲಗಾರರು ಎಲ್ಲೋ ಹೊಸ ಸಾಲಕ್ಕೆ ಅರ್ಜಿ ಹಾಕಿದರೆ ಅಲ್ಲಿ ಕೊಟ್ಟ ವಿಳಾಸ ಸಿಬಿಲ್‌ನಂಥ ಸಂಸ್ಥೆಗಳ ವರದಿಗೆ ಸೇರುತ್ತದೆ. ಅದು ಸದಸ್ಯ ಬ್ಯಾಂಕುಗಳಿಗೆ ಮಾತ್ರ, ಕೈಸಾಲ ಕೊಟ್ಟವರಿಗೆ ತೆರೆಯುವುದಿಲ್ಲ.

ಚೆಕ್ಕಿನ ದಾರಿ

ಪ್ರೋನೋಟಿನ ಗಡುವಿನೊಳಗೆ ಚೆಕ್ಕಿಗೆ ತಾರೀಖು ಹಾಕಿ, 3 ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ಸ್ವಇಚ್ಛೆಯಿಂದ ಸಹಿ ಮಾಡಿಕೊಟ್ಟ ಚೆಕ್ಕಿನ ಖಾಲಿ ಜಾಗವನ್ನು ಪಡೆದವರು ತುಂಬಿದರೂ ಅದು ಊರ್ಜಿತವೇ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ವಾಪಸಾದ ಮಾಹಿತಿ ಬಂದ 30 ದಿನದೊಳಗೆ ನೋಟೀಸು ಕಳಿಸಬೇಕು, ತಲುಪಿದ ಮೇಲೆ ಅವರಿಗೆ 15 ದಿನ, ಅದು ಮುಗಿದ ಮೇಲೆ ಒಂದು ತಿಂಗಳೊಳಗೆ ದೂರು. ಈ ಸರಪಳಿಯಲ್ಲಿ ಒಂದು ದಿನ ತಪ್ಪಿದರೂ ಕಷ್ಟ. ಸರಿಯಾದ ವಿಳಾಸಕ್ಕೆ ಕಳಿಸಿದ ನೋಟೀಸು ತಲುಪಿದೆ ಎಂದೇ ಕೋರ್ಟು ಭಾವಿಸುತ್ತದೆ. ತಲುಪಿಲ್ಲ ಎನ್ನುವವರು ಸಮನ್ಸ್ ಬಂದ 15 ದಿನದೊಳಗೆ ಹಣ ಕಟ್ಟಬಹುದಿತ್ತು ಎಂದು 2007ರ ಅಲವಿ ಹಾಜಿ ತೀರ್ಪು ಹೇಳಿದೆ. ಆದರೆ ನಿಮ್ಮ ಬಳಿ ಈಗಾಗಲೇ ‘ಲೆಫ್ಟ್’ ಷರಾ ಇರುವುದರಿಂದ ಹಳೆ ಮನೆಯೊಂದಕ್ಕೇ ನೋಟೀಸು ಕಳಿಸಿ ಕೂರಬೇಡಿ. ಹಳ್ಳಿ, ಬೇಕರಿ, ಸಿಕ್ಕಿದರೆ ಹೊಸ ಅಂಗಡಿ, ಎಲ್ಲಕ್ಕೂ ಒಂದೇ ದಿನ ಕಳಿಸಿ.

ಈ ಕೇಸಿನ ದೊಡ್ಡ ಲಾಭವೆಂದರೆ ಹಾಜರಾಗದಿದ್ದರೆ ವಾರಂಟ್ ಹೊರಡುತ್ತದೆ, ಅದನ್ನು ಜಾರಿ ಮಾಡುವವರು ಪೊಲೀಸರು. ಬರಿಯ ಬಾಕಿಗಾಗಿ ಠಾಣೆಗೆ ಹೋದರೆ ‘ಸಿವಿಲ್ ಸ್ವರೂಪದ್ದು’ ಎಂಬ ಹಿಂಬರಹ ಸಿಗುತ್ತದೆ, ಅದು ಸರಿಯಾದದ್ದೇ. ಚೆಕ್ಕಿನ ಬ್ಯಾಂಕಿನಿಂದ ಖಾತೆದಾರರ ವಿಳಾಸ ತರಿಸಲು ಕೋರ್ಟಿಗೆ ಅರ್ಜಿ ಹಾಕಬಹುದು. ಕಡಿಮೆ ಅಪಾಯದ ಗ್ರಾಹಕರ ಕೆವೈಸಿಯನ್ನು ಬ್ಯಾಂಕುಗಳು ನವೀಕರಿಸುವುದು 10 ವರ್ಷಕ್ಕೊಮ್ಮೆ, ಆದ್ದರಿಂದ ಅಲ್ಲೂ ಹಳೆ ಮನೆಯೇ ಸಿಗಬಹುದು.

ಮೊಬೈಲ್ ಲೊಕೇಶನ್ ಮಾರುವವರು

ಬೇಡ. ಕರೆ ವಿವರ, ಟವರ್ ಲೊಕೇಶನ್ ಕೊಡಿಸುವ ಕಾನೂನುಬದ್ಧ ಖಾಸಗಿ ದಾರಿ ಇಲ್ಲ. ಯಾರಾದರೂ ತಂದುಕೊಟ್ಟರೆ ಅದು ಕದ್ದದ್ದು, ಕೊಂಡ ನೀವೂ ಆರೋಪಿಯಾಗಬಹುದು. ಆಧಾರ್ ವಿಳಾಸವಂತೂ ಹೈಕೋರ್ಟ್ ನ್ಯಾಯಾಧೀಶರ ಆದೇಶವಿಲ್ಲದೆ ಹೊರಬರದು. ಪಾರ್ಸೆಲ್ ಬಂದಿದೆ ಎಂದು ಸುಳ್ಳು ಹೇಳಿ ವಿಳಾಸ ಕೇಳುವುದು, ನಕಲಿ ಪ್ರೊಫೈಲ್ ಮಾಡುವುದೂ ಬೇಡ. ಅವರೇ ಎಲ್ಲರಿಗೂ ಕಾಣುವಂತೆ ಹಾಕಿದ ಅಂಗಡಿಯ ಫೋಟೋ, ಮ್ಯಾಪಿನಲ್ಲಿ ಸೇರಿಸಿದ ಅಂಗಡಿಯ ಗುರುತು ನೋಡುವುದರಲ್ಲಿ ತಪ್ಪಿಲ್ಲ. ಖಾಸಗಿ ಪತ್ತೇದಾರರನ್ನು ನೇಮಿಸುವುದಾದರೆ ಯಾವ ಮೂಲದಿಂದ ಮಾಹಿತಿ ತಂದಿರಿ ಎಂದು ಬರೆದುಕೊಡಬೇಕೆಂಬ ಷರತ್ತು ಹಾಕಿ. ಬರೆದುಕೊಡಲು ಒಪ್ಪದವರನ್ನು ಬಿಡಿ. ಇನ್ನು, ಬಡ್ಡಿಗೆ ಕೊಡುವುದನ್ನೇ ಕಸುಬಾಗಿಸಿಕೊಂಡವರು 2025ರ ಕರ್ನಾಟಕ ಕಿರುಸಾಲ ಕಾಯ್ದೆಯನ್ನು ಗಮನದಲ್ಲಿಡಬೇಕು. ಬೆನ್ನಟ್ಟುವುದು, ಬೆದರಿಸುವುದು ಸಾಬೀತಾದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ.

ಸಮನ್ಸ್ ಹೊರಟ ಮೇಲೆ

ವಿಳಾಸ ಸಿಕ್ಕರೆ ಬಾಟ (ಸಮನ್ಸ್ ಜಾರಿಯ ಶುಲ್ಕ) ಕಟ್ಟುವಾಗಲೇ ಆರ್ಡರ್ 5, ರೂಲ್ 9ಎ ಅಡಿ ಸಮನ್ಸನ್ನು ನೀವೇ ಕೈಯಾರೆ ಮುಟ್ಟಿಸಲು ಅನುಮತಿ ಕೇಳಿ. ಊರ ಜಾತ್ರೆಗೋ ಯುಗಾದಿಗೋ ಅವರು ಹಳ್ಳಿಗೆ ಬರುವುದು ಗೊತ್ತಿದ್ದರೆ ಇದು ಬಹಳ ಉಪಯುಕ್ತ. ಅವರು ಇಲ್ಲದಾಗ ಜೊತೆಗೆ ವಾಸಿಸುವ ವಯಸ್ಕ ಮನೆಯವರಿಗೆ ಕೊಡಬಹುದು. ಮನೆಕೆಲಸದವರು, ವಾಚ್‌ಮನ್, ಹಳೆ ಮನೆಯ ಮಾಲೀಕರು ಪಡೆದರೆ ನಡೆಯದು. ಬಾಗಿಲಿಗೆ ಅಂಟಿಸಿದರೆ ಯಾರು ಮನೆ ಗುರುತಿಸಿದರು, ಯಾರ ಸಮಕ್ಷಮ ಅಂಟಿಸಿದರು ಎಂಬುದು ಅಮೀನರ ವರದಿಯಲ್ಲಿ ಇರಲೇಬೇಕು, ಇಲ್ಲದಿದ್ದರೆ ಅದೇ ನೆಪಕ್ಕೆ ಮುಂದೆ ಡಿಕ್ರಿ ಬೀಳುತ್ತದೆ.

ಸಮನ್ಸ್ ಜಾರಿಯಾಗದೆ ವಾಪಸ್ ಬಂದರೆ 7 ದಿನದೊಳಗೆ ಹೊಸ ಸಮನ್ಸಿಗೆ ಅರ್ಜಿ ಹಾಕಬೇಕು, ಇಲ್ಲದಿದ್ದರೆ ದಾವೆ ವಜಾ ಆಗಬಹುದು. ಸಾಧ್ಯವಿದ್ದ ಪ್ರಯತ್ನವನ್ನೆಲ್ಲ ಮಾಡಿಯೂ ವಾಸಸ್ಥಳ ಸಿಗಲಿಲ್ಲ ಎಂದು ತೋರಿಸಿದರೆ ಕೋರ್ಟು ಸಮಯ ಕೊಡುತ್ತದೆ. ಅದಕ್ಕೇ ಇಂದಿನಿಂದಲೇ ಒಂದು ಪುಸ್ತಕ ಇಡಿ: ಯಾವ ದಿನ, ಯಾರನ್ನು ಕೇಳಿದಿರಿ, ಏನೆಂದರು, ಯಾವ ಜಾಲತಾಣ ನೋಡಿದಿರಿ. ಜೊತೆಗೆ ಲಕೋಟೆಗಳು, ಟ್ರ್ಯಾಕಿಂಗ್ ಪ್ರಿಂಟುಗಳು. ಪತ್ರಿಕಾ ಪ್ರಕಟಣೆಗೆ ಅರ್ಜಿ ಹಾಕುವಾಗಲೂ ಪ್ರಮಾಣಪತ್ರದ ಜೀವ ಇದೇ ಪುಸ್ತಕ. ಪ್ರಕಟಣೆ ಅವರು ಕೊನೆಯದಾಗಿ ವಾಸಿಸಿದ್ದ ಪ್ರದೇಶದಲ್ಲಿ ಓಡಾಡುವ ದಿನಪತ್ರಿಕೆಯಲ್ಲಿ ಬರಬೇಕು. ಹೊಸೂರಿನ ವಿಳಾಸ ಗೊತ್ತಿದ್ದೂ ಮುಚ್ಚಿಟ್ಟು ದಾವಣಗೆರೆಯಲ್ಲಿ ಪ್ರಕಟಿಸಿದರೆ ಡಿಕ್ರಿ ಉಳಿಯುವುದಿಲ್ಲ.

ಹಳ್ಳಿಯ ಜಮೀನು ಮಾರಲು ಓಡಾಡುತ್ತಿದ್ದಾರೆ ಎಂಬುದಕ್ಕೆ ಆಧಾರ ಸಿಕ್ಕರೆ ತೀರ್ಪಿಗೆ ಮುಂಚಿನ ಜಪ್ತಿಗೆ ಆರ್ಡರ್ 38, ರೂಲ್ 5ರ ಅಡಿ ಕೇಳಿ. ಊರು ಬಿಟ್ಟಿದ್ದಾರೆ ಎಂಬುದೊಂದೇ ಅದಕ್ಕೆ ಸಾಲದು. ಡಿಕ್ರಿಯಾದ ಮೇಲೆ ಅಮಲ್ಜಾರಿಗೆ 12 ವರ್ಷ ಇದೆ, ಹೊಸೂರಿನಲ್ಲಿ ಆಸ್ತಿ ಇದ್ದರೆ ಡಿಕ್ರಿಯನ್ನು ಅಲ್ಲಿನ ಕೋರ್ಟಿಗೆ ವರ್ಗಾಯಿಸಿಕೊಳ್ಳಬಹುದು.

ಕೊನೆಗೆ, ದಾವೆಗೆ ಸಹಿ ಹಾಕುವ ಮುನ್ನ ಅವರು ಬದುಕಿದ್ದಾರೆಯೇ ಎಂದು ಹಳ್ಳಿಯಲ್ಲಿ ಖಚಿತಪಡಿಸಿಕೊಳ್ಳಿ. ಕೇಳಲು ಒರಟೆನಿಸಬಹುದು, ಆದರೆ ಮೃತರ ಮೇಲೆ ಹೂಡಿದ ದಾವೆ ಅಸಿಂಧು. ಹಾಗಿದ್ದ ಪಕ್ಷದಲ್ಲಿ ವಾರಸುದಾರರ ಮೇಲೆ, ಅವರಿಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ, ಅದೇ ಮಾರ್ಚ್ 18ರೊಳಗೆ ಹೂಡಬೇಕಾಗುತ್ತದೆ.